ಸಂಪಾದಕರ ಉತ್ತರ: ಸ್ಯಾಕ್ಸೋಫೋನ್ ಬಂತು ಅಂತ ಕಂಪ್ಲೇಂಟಾ ಮಾರಾಯ್ರೆ?

ಅಮೆರಿಕದ ರ‍್ಯಾಪ್ ಗಾಯಕ ಕೆಂಡ್ರಿಕ್ ಲಮಾರ್ ಬಗ್ಗೆ ನಾವು ಹಾಕಿದ ಲೇಖನ ನೋಡಿ ಕಟಪಾಡಿಯ ಓದುಗರೊಬ್ರು ಬರ್ದಿದ್ದಾರೆ: "ಕೆಂಡ್ರಿಕ್ ಲಮಾರ್ 2012ರಲ್ಲಿ ಎಷ್ಟು ಒಳ್ಳೆ ಕತೆ ಹೇಳ್ತಿದ್ದ, ಆಮೇಲೆ ಜಾಝ್ ಅಂದ, ಆಮೇಲೆ ಅಳ್ಲಿಕ್ಕೆ ಶುರು ಮಾಡಿದ, ಈಗ ಕುಣಿಸ್ತಾನೆ. ಒಂದು ಕಡೆ ನಿಲ್ಲದ ಜನಕ್ಕೆ ನೀವು ನಾಲ್ಕು ಪೇಜ್ ಕೊಟ್ಟದ್ದು ಎಂತಕ್ಕೆ?"

ಪೇಜ್ ಕೊಟ್ಟದ್ದು ನಾನೇ, ಬೈಗುಳವೂ ನನಗೇ ಇರ್ಲಿ. ಆದ್ರೆ ನೀವು ಹೊಗಳುವ ಆ 2012ರ ಆಲ್ಬಮ್ 'ಗುಡ್ ಕಿಡ್, ಮ್ಯಾಡ್ ಸಿಟಿ'ಯಲ್ಲಿ ಹನ್ನೆರಡು ನಿಮಿಷದ ಒಂದು ಹಾಡು ಉಂಟಲ್ಲ, 'ಸಿಂಗ್ ಅಬೌಟ್ ಮಿ' ಅಂತ ಶುರುವಾಗುವುದು, ಅದನ್ನು ರಾತ್ರಿ ಇಯರ್‌ಫೋನ್ ಹಾಕಿ ಇನ್ನೊಮ್ಮೆ ಕೇಳಿ. ಮೊದಲು ಮಾತಾಡುವುದು ಅಣ್ಣತಮ್ಮನನ್ನು ಕಳ್ಕೊಂಡ ಒಬ್ಬ ಹುಡುಗ, ಮಾತಿನ ನಡುವೆ ಗುಂಡಿನ ಸದ್ದು, ವಾಕ್ಯ ಅಲ್ಲಿಗೇ ಕಟ್. ಆಮೇಲೆ ಬರುವವಳು ಕೀಶಾ ಅನ್ನುವ ಹುಡುಗಿಯ ತಂಗಿ. ಕೀಶಾಳ ಕತೆಯನ್ನು ಇವ 2011ರ ಆಲ್ಬಮ್ಮಲ್ಲಿ ಹಾಡಿದ್ದ, ಈಗ ತಂಗಿ ಬಂದು ನಮ್ಮನೆ ವಿಷಯ ಹಾಡ್ಲಿಕ್ಕೆ ನೀನು ಯಾರು ಅಂತ ಜೋರು ಮಾಡ್ತಾಳೆ, ನಾನು ಮಾಸಿ ಹೋಗುವವಳಲ್ಲ ಅಂತ ಹೇಳ್ತಾ ಹೇಳ್ತಾ ಅವಳ ಸ್ವರವೇ ಸಣ್ಣ ಆಗ್ತಾ ಹೋಗ್ತದೆ. ವಾಲ್ಯೂಮ್ ಜಾಸ್ತಿ ಮಾಡ್ಲಿಕ್ಕೆ ಕೈ ತನ್ನಷ್ಟಕ್ಕೇ ಹೋಗ್ತದೆ, ನನಗೆ ಈಗಲೂ.

ಅಂದ್ರೆ ತನ್ನನ್ನೇ ಕಟಕಟೆಯಲ್ಲಿ ನಿಲ್ಲಿಸುವ ಕೆಲಸ ಅವ ಆಗಲೇ ಶುರು ಮಾಡಿ ಆಗಿತ್ತು, ಅಳು ಆಮೇಲೆ ಬಂದದ್ದಲ್ಲ. ಆಗ ಕೀಶಾಳ ತಂಗಿಯ ಬಾಯಲ್ಲಿ ಬೈಸಿಕೊಂಡವ 2015ರ 'ಟು ಪಿಂಪ್ ಎ ಬಟರ್‌ಫ್ಲೈ'ಯ 'ಯು' ಹಾಡಲ್ಲಿ ತಾನೇ ಹೋಟೆಲ್ ರೂಮಲ್ಲಿ ಕುಡ್ದು, ಒಡೆದ ಗಂಟಲಲ್ಲಿ ತನಗೆ ತಾನೇ ಬೈಕೊಳ್ತಾನೆ. ನೀವು ಹೇಳುವ ಜಾಝ್ ಅದೇ ಆಲ್ಬಮ್ಮಿನದ್ದು, ಥಂಡರ್‌ಕ್ಯಾಟ್‌ನ ಬೇಸ್, ಕಮಾಸಿ ವಾಷಿಂಗ್ಟನ್‌ನ ಸ್ಯಾಕ್ಸೋಫೋನ್. ಕದ್ರಿ ಗೋಪಾಲನಾಥರ ಜಿಲ್ಲೆ ಪಕ್ಕದಲ್ಲೇ ಇದ್ದು ಸ್ಯಾಕ್ಸೋಫೋನಿಗೆ ಬೇಜಾರು ಮಾಡುವುದಾ? ತಾಳಮದ್ದಳೆಯ ಅರ್ಥಧಾರಿ ಇವತ್ತು ಕರ್ಣ, ನಾಳೆ ಕೃಷ್ಣ, ಅವರಿಗೆ ನೆಲೆ ಇಲ್ಲ ಅಂತ ನಾವು ಯಾರೂ ಹೇಳುವುದಿಲ್ಲವಲ್ಲ.

2017ರ ಆಲ್ಬಮ್ 'ಡ್ಯಾಮ್' ಬಗ್ಗೆ ನೀವು ಚಕಾರ ಎತ್ತಿಲ್ಲ, ಅಮೆರಿಕದ ದೊಡ್ಡ ಪ್ರಶಸ್ತಿ ಪುಲಿಟ್ಜರ್ ಸಂಗೀತಕ್ಕೆ ಕೊಡುವಾಗ ಕ್ಲಾಸಿಕಲ್ ಮತ್ತು ಜಾಝ್ ಬಿಟ್ಟು ಬೇರೆ ಕಡೆ ಹೋದದ್ದು ಇದರಿಂದಲೇ ಮೊದಲು, 2018ರಲ್ಲಿ.

ಐದು ವರ್ಷ ಬಿಟ್ಟು 2022ರಲ್ಲಿ ಬಂದ 'ಮಿಸ್ಟರ್ ಮೊರಾಲ್' ಮಾತ್ರ ನನಗೂ ಗಂಟಲಲ್ಲಿ ಇಳಿಯಲಿಲ್ಲ, ಒಪ್ತೇನೆ. ಥೆರಪಿ, ಮನೆಯ ಗಲಾಟೆ, ನಾನು ನಿಮ್ಮ ಉದ್ಧಾರಕ ಅಲ್ಲ ಅನ್ನುವ ಮಾತು, ಎಲ್ಲ ಒಟ್ರಾಶಿ ಮೈಮೇಲೆ ಸುರ್ದ ಹಾಗೆ. ಎರಡನೇ ಭಾಗಕ್ಕೆ ಬರ್ಲಿಕ್ಕೆ ನನಗೆ ಒಂದು ವಾರ ಬೇಕಾಯ್ತು, ಬಂದದ್ದಕ್ಕೆ 'ಮದರ್ ಐ ಸೋಬರ್' ಸಿಕ್ಕಿತು, ಪಿಯಾನೋ, ಪಿಸುಮಾತಿನಂಥ ಸ್ವರ, ಅಷ್ಟೇ. ಈ ಸಲ ಬೈಲಿಕ್ಕೆ ಕೀಶಾಳ ತಂಗಿ ಇಲ್ಲ, ಹೋಟೆಲ್ ರೂಮಿನ ಕುಡುಕನೂ ಇಲ್ಲ, ಅಮಲು ಇಳಿದ ಮನುಷ್ಯ ಒಬ್ಬ.

ಇನ್ನು ಕುಣಿಸುವ ವಿಷಯ. 2024ರ 'ನಾಟ್ ಲೈಕ್ ಅಸ್' ಮೊನ್ನೆ ಒಂದು ಮೆಹಂದಿಯಲ್ಲಿ ಡಿಜೆ ಹಾಕಿದ, ಆ ಹಾಡಲ್ಲಿ ಬೈಸಿಕೊಳ್ಳುವ ರ‍್ಯಾಪರ್ ಡ್ರೇಕ್ ಯಾರು ಅಂತ ಗೊತ್ತಿಲ್ಲದ ದೊಡ್ಡಮ್ಮಂದಿರೂ ಕುಣಿದ್ರು, ನಾನೂ. ಅದೇ 2024ರ ನವೆಂಬರಲ್ಲಿ ಮುಂಚೆ ಹೇಳದೆ ಕೇಳದೆ ಬಿಟ್ಟ ಆಲ್ಬಮ್ 'ಜಿಎನ್‌ಎಕ್ಸ್' ಶುರುವಾಗುವುದು ಡೆಯ್ರಾ ಬರೇರಾ ಅನ್ನುವ ಮರಿಯಾಚಿ (ಮೆಕ್ಸಿಕೋದ ಸಾಂಪ್ರದಾಯಿಕ ಸಂಗೀತ) ಗಾಯಕಿಯ ಸ್ವರದಿಂದ, ಅದನ್ನು ಸ್ಕಿಪ್ ಮಾಡ್ಬೇಡಿ.

ಚಂದಾ ನಿಲ್ಲಿಸ್ತೇನೆ ಅಂತಲೂ ಬರ್ದಿದ್ದೀರಿ. ನೀವು ಮಾರ್ಚ್ ತನಕ ದುಡ್ಡು ಕಟ್ಟಿ ಆಗಿದೆ, ಅಲ್ಲಿವರೆಗೆ ಪತ್ರಿಕೆ ಮನೆಗೆ ಬರ್ತದೆ.