ತಂತಿಗೊಂದು ಚರಮಗೀತೆ, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಮ್ಮೂರ ಕವಿಗೋಷ್ಠಿಯಲ್ಲಿ ಓದಲು ಟೆಲಿಗ್ರಾಂ ಮೇಲೆ ಒಂದು ಚರಮಗೀತೆ ಬರೆಯಬೇಕೆಂದಿದ್ದೇನೆ. 'ಓ ತಂತಿಯೇ, ಕಣ್ಮರೆಯಾದೆಯಾ' ಎಂದು ಬರೆದು ನಿಂತಿದ್ದೇನೆ, ಮುಂದೆ ಏನೂ ಹೊಳೆಯುತ್ತಿಲ್ಲ. ತಂದೆಯವರು ತಂತಿ ಕಚೇರಿಯಲ್ಲಿದ್ದರು. ರಿಟೈರಾದ ಮೇಲೂ ಊಟಕ್ಕೆ ಕೂತಾಗ ಬೆರಳಿನಿಂದ ಮೇಜು ಕುಟ್ಟುತ್ತಿದ್ದರು. ಈಗ ಅವರಿಲ್ಲ. ಮನುಷ್ಯರಲ್ಲದ ವಸ್ತುವಿಗೆ ಚರಮಗೀತೆ ಬರೆದರೆ ಜನ ನಗುವುದಿಲ್ಲವೇ?
- ಓದುಗರೊಬ್ಬರು, ತಿಪಟೂರು

ಉತ್ತರ: ನಗುವುದಿಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಾವಿರ ವರ್ಷಕ್ಕೂ ಹಿಂದೆ ಒಂದು ನಾಯಿಗೆ ಕಲ್ಲು ನೆಟ್ಟರು. ಕ್ರಿ.ಶ. 949-50ರ ಮಾತು. ರಾಜ ಮೆಚ್ಚಿ 'ಬೇಡಿಕೋ' ಎಂದಾಗ ಮಣಲೇರ ಎಂಬ ವೀರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆಮೇಲೆ ಕಾಳಿ ದೊಡ್ಡ ಹಂದಿಯೊಂದರ ಜೊತೆ ಹೋರಾಡಿತು, ಎರಡೂ ಸತ್ತವು. ಆ ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಉಣ್ಣಬಾರದು ಎಂದೂ ಬರೆಸಿದ್ದಾರೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ಒಮ್ಮೆ ಹೋಗಿ ನೋಡಿ. ಅದರಲ್ಲಿ 'ಅಯ್ಯೋ' ಎಂಬ ಮಾತಿಲ್ಲ. ನಾಯಿಯ ಹೆಸರಿದೆ, ಯಾರು ಸಾಕಿದ್ದು, ಯಾವುದರ ಜೊತೆ ಕಾದಾಡಿ ಸತ್ತಿತು ಎಂಬುದಿದೆ. ನನಗೆ ಗಂಟಲು ಕಟ್ಟಲು ಅಷ್ಟೇ ಸಾಕಾಯಿತು.

ನೀವೂ ಹಾಗೇ ಮಾಡಿ. 'ಕಣ್ಮರೆಯಾದೆಯಾ' ಹೊಡೆದುಹಾಕಿ. ತಂತಿ ಏನು ಮಾಡುತ್ತಿತ್ತು ಅನ್ನೋದನ್ನು ಬರೆಯಿರಿ.

ನಮ್ಮ ಮನೆಗೆ ತಂತಿ ಬಂದ ದಿನ ನನಗೆ ಒಂಬತ್ತು ವರ್ಷ. ಅಂಚೆಯವರು ಸೈಕಲ್ ನಿಲ್ಲಿಸಿ 'ತಂತಿ' ಎಂದರು, ಅಷ್ಟೇ. ಅಜ್ಜಿ ಅಂಗಳದಲ್ಲೇ ಕುಸಿದು ಅಳಲು ಶುರು ಮಾಡಿದರು. ಕಾಗದದಲ್ಲಿ ಇದ್ದದ್ದು ಇಂಗ್ಲಿಷು. ಓದೋಕೆ ಮೇಷ್ಟ್ರೇ ಬರಬೇಕು. ಅವರು ಬಂದರು, ಜೇಬು ತಡಕಿದರು, ಕನ್ನಡಕ ಮರೆತಿದ್ದರು. ನಾನು ಓಡಿಹೋಗಿ ಅದನ್ನು ತಂದುಕೊಟ್ಟೆ. ಚಿಕ್ಕಮ್ಮನಿಗೆ ಗಂಡು ಮಗು, ಇಬ್ಬರೂ ಕ್ಷೇಮ. ಅದನ್ನು ಕೇಳಿದ ಮೇಲೂ ಅಜ್ಜಿಯ ಅಳು ನಿಲ್ಲಲಿಲ್ಲ. ಅಳುತ್ತಲೇ ಒಳಗೆ ಹೋಗಿ ಅಂಚೆಯವರಿಗೆ ಬೆಲ್ಲ ತಂದುಕೊಟ್ಟರು. ತಂತಿ ಅಂದಕೂಡಲೆ ನನ್ನ ಕಣ್ಣಿಗೆ ಬರುವುದು ಆ ಬೆಲ್ಲ ಹಿಡಿದ ಕೈ. ನಿಮ್ಮ ಮನೆಯಲ್ಲೂ ಅಂಥದ್ದೊಂದು ಇದ್ದೇ ಇರುತ್ತದೆ, ಅಲ್ವಾ?

ಇನ್ನೊಂದು, ತಂತಿಗೆ ಪದದ ಲೆಕ್ಕದಲ್ಲಿ ದುಡ್ಡು. ಹಾಗಾಗಿ 'ತಂದೆ ಸೀರಿಯಸ್, ಕೂಡಲೇ ಹೊರಡಿ' ಎಂದಷ್ಟೇ ಕಳಿಸುತ್ತಿದ್ದರು. ಎಷ್ಟೋ ಸಲ ಆ 'ಸೀರಿಯಸ್' ಒಳಗೆ ಸಾವೇ ಇರುತ್ತಿತ್ತು. ದೂರದಿಂದ ರೈಲು ಹತ್ತುವವನು ದಾರಿಯಲ್ಲಿ ಎದೆಗೆಡದಿರಲಿ ಎಂದು ಮುಚ್ಚಿಡುತ್ತಿದ್ದರು. ನೀವೂ ಪ್ರತಿ ಪದಕ್ಕೆ ದುಡ್ಡು ಕಟ್ಟುವವರ ಹಾಗೆ ಬರೆದು ನೋಡಿ. ಸುಮ್ನೆ ಬಂದು ಕೂತ ವಿಶೇಷಣಗಳು ತಾವಾಗೇ ಎದ್ದುಹೋಗುತ್ತವೆ.

1850ರಲ್ಲಿ ಕಲ್ಕತ್ತಾದಿಂದ ಡೈಮಂಡ್ ಹಾರ್ಬರ್‌ಗೆ ಮೊದಲ ತಂತಿ ಎಳೆದದ್ದು, 2013ರ ಜುಲೈ 14ರಂದು ಜನ ನೆನಪಿಗಾಗಿ ಸಾಲು ನಿಂತು ಕೊನೆಯ ತಂತಿ ಕಳಿಸಿದ್ದು, ಇವೆಲ್ಲ ಒಂದು ಸಾಲಿನಲ್ಲಿ ಬಂದರೆ ಸಾಕು. ಕವಿತೆ ಇರುವುದು ಅಲ್ಲಲ್ಲ, ನಿಮ್ಮ ತಂದೆಯ ಬೆರಳಲ್ಲಿ. ನೀವು ಅದನ್ನು ಪತ್ರದ ಮಧ್ಯೆ ಎಲ್ಲೋ ಸೇರಿಸಿಬಿಟ್ಟಿದ್ದೀರಿ. ಅದು ಮೊದಲ ಸಾಲಾಗಬೇಕು.

ಅವರು ಕುಟ್ಟುತ್ತಿದ್ದದ್ದು ಮೋರ್ಸ್ ಇರಬೇಕು, ತಂತಿಯಲ್ಲಿ ಅಕ್ಷರ ಕಳಿಸುವ ಸಂಕೇತ. ಚುಕ್ಕೆ ಎಂದರೆ ಗಿಡ್ಡ ಪೆಟ್ಟು, ಗೆರೆ ಎಂದರೆ ಉದ್ದ ಪೆಟ್ಟು. ನಮ್ಮ ಛಂದಸ್ಸಿನಲ್ಲೂ ಇರುವುದು ಎರಡೇ, ಲಘು ಮತ್ತು ಗುರು. ಗುರು ಲಘುವಿನ ಎರಡರಷ್ಟು, ಮೋರ್ಸಿನ ಗೆರೆ ಚುಕ್ಕೆಯ ಮೂರರಷ್ಟು, ಅಷ್ಟೇ ವ್ಯತ್ಯಾಸ. 'ತಂತಿ' ಎಂದು ಕುಟ್ಟಿ ನೋಡಿ: ಒಂದು ಗುರು, ಒಂದು ಲಘು. ಈಗ 'ಅಪ್ಪ' ಎಂದು ಕುಟ್ಟಿ. ಅದೇ ಪೆಟ್ಟು! ನಿಮ್ಮ ಪತ್ರ ಓದುತ್ತಾ ಇದು ಹೊಳೆದಾಗ ನಾನೇ ಸ್ವಲ್ಪ ಹೊತ್ತು ಮೇಜು ಕುಟ್ಟುತ್ತಾ ಕೂತಿದ್ದೆ. ಈ ಪೆಟ್ಟನ್ನೇ ಪಲ್ಲವಿ ಮಾಡಿಕೊಳ್ಳಿ. ಗೋಷ್ಠಿಯಲ್ಲಿ ಓದುವ ಮೊದಲು ಮೇಜಿನ ಮೇಲೆ ಎರಡು ಸಲ ಕುಟ್ಟಿ, ಒಂದು ಉದ್ದ, ಒಂದು ಗಿಡ್ಡ. ನಿಮ್ಮ ತಾಯಿಯವರು ಇದ್ದರೆ ಮುಂದಿನ ಸಾಲಿನಲ್ಲಿ ಕೂರಿಸಿ. ಆ ಸದ್ದು ಅವರಿಗೆ ಗೊತ್ತು.