ಗಲ್ಲಾದಲ್ಲಿ ದಿನವೂ ಹಣ ಕಡಿಮೆ ಬರುತ್ತಿದೆ, ಅಂಗಡಿಯ ಹುಡುಗನಿಗೆ ನೋವಾಗದಂತೆ ಕೇಳುವುದು ಹೇಗೆ?

ಹುಡುಗನೇ ತೆಗೆದಿದ್ದಾನೆ ಎಂದು ನೀವು ಆಗಲೇ ತೀರ್ಮಾನಿಸಿಬಿಟ್ಟಿದ್ದೀರಿ. ಮಾತು ಮೆತ್ತಗಿರಬೇಕೋ ಗಟ್ಟಿಯಾಗಿರಬೇಕೋ ಎಂಬುದಷ್ಟೇ ಈಗ ನಿಮ್ಮ ಚಿಂತೆ. ನಾನೂ ಹೀಗೆಯೇ ಮೆತ್ತಗೆ ಮಾತನಾಡಿ ಒಬ್ಬ ಹೆಂಗಸಿನ ಮಾನ ಕಳೆದವನು.

2009ರಲ್ಲಿ ಮಂಡ್ಯ ಜಿಲ್ಲೆಯ ನಮ್ಮೂರಿನ ಡೇರಿಗೆ ಹಾಲು ಪರೀಕ್ಷಕನಾಗಿ ಸೇರಿದೆ. ಡೇರಿಯ ಪಕ್ಕದಲ್ಲೇ ಒಬ್ಬ ಅಕ್ಕನ ಮನೆ, ಕೊಟ್ಟಿಗೆಯಲ್ಲಿ ಒಂದೇ ಸೀಮೆಹಸು. ಕರೆದ ಹಾಲಿನ ನೊರೆ ಇಳಿಯುವ ಮುಂಚೆಯೇ ತಂದು ಸಾಲಿನಲ್ಲಿ ಮೊದಲಿಗರಾಗಿ ನಿಲ್ಲುತ್ತಿದ್ದರು. ಹಾಲಿನ ಗಟ್ಟಿತನ ಅಳೆಯುವ ಲ್ಯಾಕ್ಟೋಮೀಟರ್ ಬಿಟ್ಟರೆ ಡಿಗ್ರಿ 24. ತೋಟದ ಮನೆಗಳಿಂದ ಅರ್ಧ ಗಂಟೆ ನಡೆದು ಬಂದವರ ಹಾಲು 28, 29. ನೀರು ಬೆರೆಸಿದ್ದಾರೆ, ಇನ್ನೇನು! ಮೂರು ದಿನ ಸುಮ್ಮನಿದ್ದು ನಾಲ್ಕನೆಯ ದಿನ, “ಅಕ್ಕಾ, ಕ್ಯಾನು ತೊಳೆದ ನೀರು ಒಳಗೇ ಉಳಿದಿರಬೇಕು, ಸ್ವಲ್ಪ ನೋಡಿಕೊಳ್ಳಿ” ಎಂದೆ. ಇದಕ್ಕಿಂತ ನಯವಾಗಿ ಹೇಳಲು ನಿಮ್ಮಿಂದಲೂ ಆಗದು. ಸಾಲಿನಲ್ಲಿದ್ದವರಿಗೆಲ್ಲ ಅರ್ಥವಾಯಿತು. ಐದನೆಯ ದಿನ ಹಾಲು ವಾಪಸ್ ಕಳಿಸಿದೆ. ಹಾಲಿನ ದುಡ್ಡಿನ ಜೊತೆಗೆ ಸರ್ಕಾರ ಲೀಟರಿಗೆ ಕೊಡುತ್ತಿದ್ದ 2 ರೂಪಾಯಿ ಪ್ರೋತ್ಸಾಹಧನವೂ ಆಕೆಗೆ ತಪ್ಪಿತು. ಆಮೇಲೆ ಆಕೆ ಡೇರಿಯ ಮೆಟ್ಟಿಲು ಹತ್ತಲಿಲ್ಲ. ಬಸ್ ನಿಲ್ದಾಣದ ಹೋಟೆಲಿಗೆ ಹಾಲು ಹಾಕತೊಡಗಿದರು.

ನನ್ನ ತಪ್ಪನ್ನು ಬಿಡಿಸಿಯೇ ಹೇಳಬೇಕು, ಬೇಸರವಾದರೂ ಓದಿ. ಲ್ಯಾಕ್ಟೋಮೀಟರ್ ಎಂದರೆ ಬುಡದಲ್ಲಿ ಭಾರವಿರುವ ಗಾಜಿನ ಕೊಳವೆ. ಗಟ್ಟಿ ಹಾಲಿನಲ್ಲಿ ಮೇಲಕ್ಕೆ ತೇಲುತ್ತದೆ, ನೀರು ಬೆರೆತರೆ ಮುಳುಗುತ್ತದೆ. ಆದರೆ ಬಿಸಿ ಹಾಲಿನಲ್ಲೂ ಅದು ಮುಳುಗುತ್ತದೆ, ಏಕೆಂದರೆ ಬಿಸಿಯಾದ ಹಾಲು ಹಿಗ್ಗಿ ಹಗುರಾಗಿರುತ್ತದೆ. ಕೆಚ್ಚಲಿನಿಂದ ಇಳಿಯುವಾಗ ಹಾಲು ಹೆಚ್ಚುಕಡಿಮೆ 38 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ಮೇಲೆ ನೊರೆಯ ಗಾಳಿ ಬೇರೆ. ನನ್ನ ಕೈಯಲ್ಲಿದ್ದ ಕೊಳವೆಯ ಒಳಗಿನ ಚೀಟಿಯಲ್ಲೇ 84 ಡಿಗ್ರಿ ಫ್ಯಾರನ್‌ಹೀಟ್ ಎಂದು ಅಚ್ಚಾಗಿತ್ತು, ಅಂದರೆ ಸುಮಾರು 29 ಸೆಲ್ಸಿಯಸ್. ಹಾಲು ಅದಕ್ಕಿಂತ ಬಿಸಿಯಿದ್ದರೆ ಲೆಕ್ಕ ಸರಿಪಡಿಸಬೇಕು, ಇಲ್ಲವೇ ಆರುವವರೆಗೆ ಕಾಯಬೇಕು. ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಥರ್ಮಾಮೀಟರ್ ಮೇಜಿನ ಡ್ರಾಯರಿನಲ್ಲಿ ರಟ್ಟಿನ ಡಬ್ಬಿಯೊಳಗೆ ಮಲಗಿತ್ತು. ಉಳಿದವರ ಹಾಲು ದಾರಿಯಲ್ಲೇ ಆರುತ್ತಿತ್ತು, ಆಕೆಯ ಮನೆ ಹತ್ತು ಹೆಜ್ಜೆ ದೂರ. ಇನ್ನೊಂದು ನಾಚಿಕೆಯ ಸಂಗತಿ: ನೀರು ಬೆರೆಸಿದರೆ ಫ್ಯಾಟ್ ಕೂಡ ಇಳಿಯಬೇಕು. ಆಕೆಯ ಫ್ಯಾಟ್ ಇಳಿದಿರಲಿಲ್ಲ, 4.1 ಎಂದು ರಿಜಿಸ್ಟರಿನಲ್ಲಿ ನನ್ನ ಕೈಬರಹದಲ್ಲೇ ಇತ್ತು.

ಇದೆಲ್ಲ ತಿಳಿದದ್ದು ಎರಡು ತಿಂಗಳ ನಂತರ. ನಮ್ಮ ಮನೆಯ ಹಾಲನ್ನು ಎಂದಿನಂತೆ ಅವ್ವ ನಿಧಾನವಾಗಿ ಹೊತ್ತು ತರದೆ, ತಮ್ಮ ಸೈಕಲ್ಲಿನಲ್ಲಿ ಎರಡೇ ನಿಮಿಷದಲ್ಲಿ ತಂದ. ಬಿಟ್ಟು ನೋಡಿದರೆ 24. ಕೊಳವೆ ಬಿರುಕು ಬಿಟ್ಟಿದೆಯೇ ಎಂದು ಬೆಳಕಿಗೆ ಹಿಡಿದೆ, ಒರೆಸಿದೆ, ಇನ್ನೊಂದು ಕೊಳವೆ ತಂದೆ. ಕೊನೆಗೆ ಡ್ರಾಯರಿನಿಂದ ಥರ್ಮಾಮೀಟರ್ ತೆಗೆದೆ. ಮಾದರಿಯನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು ಕಾದೆ. 28 ಬಂತು, ಹಾಕಿಕೊಂಡೆ. ಅವ್ವ ನೀರು ಬೆರೆಸಿರಬಹುದು ಎಂಬ ಯೋಚನೆ ಒಂದು ಕ್ಷಣವೂ ಸುಳಿಯಲಿಲ್ಲ.

ಹಾಗಾಗಿ ಹುಡುಗನನ್ನು ಕೇಳುವ ಮಾತೇ ಬೇಡ. ನಾಳೆಯಿಂದ ಹದಿನೈದು ದಿನ, ಗಲ್ಲಾದಿಂದ ನೀವು ತೆಗೆಯುವ ಪ್ರತಿ ರೂಪಾಯಿಯನ್ನೂ ಬರೆದಿಡಿ: ಕಾಫಿಗೆ, ಪೆಟ್ರೋಲಿಗೆ, ಮಗಳು ಕೇಳಿದ ಐವತ್ತಕ್ಕೆ, ಪರಿಚಯದವರಿಗೆ ಬಿಟ್ಟ ಚಿಲ್ಲರೆಗೆ. ಅಂಗಡಿ ನಿಮ್ಮದೇ ಆದ್ದರಿಂದ ನೀವು ಬರೆಯುವುದಿಲ್ಲವೆಂದು ಪಂಥ ಕಟ್ಟುತ್ತೇನೆ. ಅವನೇ ಕದಿಯುತ್ತಿದ್ದರೂ ಆ ಲೆಕ್ಕವಿಲ್ಲದೆ ನಿಮಗೆ ಅದು ಗೊತ್ತಾಗುವುದಿಲ್ಲ. ಸಿಸಿ ಕ್ಯಾಮೆರಾ ಹಾಕಿಸಿ ಎಂದು ಬೇರೆಯವರು ಹೇಳಬಹುದು. ಹಾಕಿಸಿ, ಆದರೆ ನಿಮ್ಮ ಕೈಯೂ ಅದರಲ್ಲಿ ಕಾಣಲಿ.

ನಮ್ಮ ಮನೆಯ ಹಾಲು 24 ತೋರಿಸಿದ ಮರುದಿನ ಆ ಅಕ್ಕನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಆಕೆ ಹಸುವಿಗೆ ಬೂಸಾ ಕಲಸುತ್ತಿದ್ದರು, ಕೈ ನಿಲ್ಲಿಸಲಿಲ್ಲ.

“ನಿನ್ನೆ ನಿನ್ನ ಮನೆಯ ಹಾಲನ್ನೂ ವಾಪಸ್ ಕಳಿಸಿದೆಯೇನಪ್ಪಾ?” ಎಂದು ಕೇಳಿದರು.

ಇಲ್ಲ ಎಂದೆ. ಬೂಸಾ ಬಕೆಟ್ ಎತ್ತಿಕೊಂಡು ಕೊಟ್ಟಿಗೆಯೊಳಗೆ ಹೋದರು. ಆಕೆಯ ಹಾಲು ಈಗಲೂ ಹೋಟೆಲಿಗೇ ಹೋಗುತ್ತದೆ.