ನಿನ್ನ ನಾಮವು ಪರಿಶುದ್ಧವಾಗಲಿ ಎಂದು ಬೇಡುವುದೇಕೆ?

ಪ್ರಶ್ನೆ: ಯೇಸು ತನ್ನ ಶಿಷ್ಯರಿಗೆ ಕಲಿಸಿದ ಕರ್ತನ ಪ್ರಾರ್ಥನೆಯನ್ನು ದಿನವೂ ಹೇಳುತ್ತೇನೆ. ಆದರೆ ಮೊದಲಿನ ಬೇಡಿಕೆಗಳು ತುಟಿಯ ಮೇಲೆಯೇ ಜಾರಿಹೋಗುತ್ತವೆ; ‘ಅನುದಿನದ ಆಹಾರ’ ಎಂಬಲ್ಲಿಗೆ ಬಂದಾಗಷ್ಟೇ ಮನಸ್ಸು ಎಚ್ಚರಗೊಳ್ಳುತ್ತದೆ. ದೇವರು ತಾನಾಗಿಯೇ ಪರಿಶುದ್ಧನಲ್ಲವೇ? ಅವನ ನಾಮವು ಪರಿಶುದ್ಧವಾಗಲಿ ಎಂದು ನಾವು ಬೇಡುವುದೇಕೆ? ಅವನ ರಾಜ್ಯ ಬರಲಿ ಎಂದರೆ ಇಂದಿನ ಬದುಕಿಗೆ ಏನರ್ಥ?

ಉತ್ತರ: ನಿಮ್ಮ ಸಂದೇಹ ಹಳೆಯದು, ನ್ಯಾಯವಾದದ್ದೂ ಹೌದು. ದೇವರ ನಾಮವು ಸ್ವತಃ ಪರಿಶುದ್ಧವೇ. ಅದು ನಮ್ಮಲ್ಲಿಯೂ ಪರಿಶುದ್ಧವಾಗಿರಲಿ ಎಂಬುದೇ ಈ ಬೇಡಿಕೆ ಎಂದು ಜರ್ಮನಿಯ ಮತಸುಧಾರಕ ಮಾರ್ಟಿನ್ ಲೂಥರ್ ಕ್ರೈಸ್ತ ನಂಬಿಕೆಯನ್ನು ಕಲಿಸಲು ಬರೆದ 1529ರ ತಮ್ಮ ಚಿಕ್ಕ ಪ್ರಶ್ನೋತ್ತರಿಯಲ್ಲಿ ವಿವರಿಸಿದ್ದಾರೆ. ಇದರ ಬೇರು ಬೈಬಲಿನಲ್ಲಿರುವ ಪ್ರವಾದಿ ಯೆಹೆಜ್ಕೇಲನ ಗ್ರಂಥದ 36ನೆಯ ಅಧ್ಯಾಯದಲ್ಲಿದೆ. ಸೆರೆಹೋಗಿ ಪರದೇಶಗಳಲ್ಲಿ ಚದರಿಹೋದ ಇಸ್ರಾಯೇಲ್ಯರನ್ನು ನೋಡಿ ಅಲ್ಲಿನವರು, ‘ಇವರು ಯೆಹೋವನ ಜನರಂತೆ, ಆದರೂ ಅವನ ದೇಶವನ್ನು ಬಿಟ್ಟು ಬರಬೇಕಾಯಿತು’ ಎಂದು ಆಡಿಕೊಂಡರು. ಜನರು ಮಾಡಿದ ಪಾಪದ ಕಳಂಕವು ಅವರು ಹೊತ್ತಿದ್ದ ಹೆಸರಿಗೂ ತಗಲಿತು. ಆಗ ದೇವರು, ನನ್ನ ಮಹಾನಾಮದ ಗೌರವವನ್ನು ನಾನೇ ಕಾಪಾಡುವೆನು ಎಂದನು. ಆದುದರಿಂದ ಈ ಬೇಡಿಕೆಯಲ್ಲಿ ಮೊದಲು ಕೈಹಾಕುವವನು ದೇವರು. ಅವನು ಅದನ್ನು ಯಾರ ಬದುಕಿನಲ್ಲಿ ನೆರವೇರಿಸಬೇಕೋ ಆ ಜನರು ನಾವು. ಮಗನ ನಡತೆಯಿಂದ ತಂದೆಯ ಹೆಸರು ಊರಿನವರ ಬಾಯಲ್ಲಿ ಏರುವುದನ್ನೂ ಇಳಿಯುವುದನ್ನೂ ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಪರಿಶುದ್ಧತೆ ಎಂದೊಡನೆ ನಮ್ಮ ಕಣ್ಣು ಆರಾಧನೆಯ ಕಡೆಗೆ ಹೋಗುತ್ತದೆ. ಬೈಬಲಿನ ಯಾಜಕಕಾಂಡದ 19ನೆಯ ಅಧ್ಯಾಯವಾದರೋ, ‘ನಾನು ಪರಿಶುದ್ಧನಾಗಿರುವಂತೆ ನೀವೂ ಪರಿಶುದ್ಧರಾಗಿರಬೇಕು’ ಎಂದು ಆರಂಭಿಸಿ ನಮ್ಮನ್ನು ಹೊಲಕ್ಕೂ ಅಂಗಡಿಗೂ ಕರೆದೊಯ್ಯುತ್ತದೆ: ಹೊಲದ ಅಂಚಿನ ಪೈರನ್ನು ಬಡವರಿಗೆ ಬಿಡಬೇಕು, ತೂಕದ ಕಲ್ಲು ಸರಿಯಾಗಿರಬೇಕು, ಕೂಲಿಯವನ ಕೂಲಿಯನ್ನು ಮರುದಿನ ಬೆಳಗಿನವರೆಗೆ ಇಟ್ಟುಕೊಳ್ಳಬಾರದು. ಈ ಕೊನೆಯ ಮಾತಿನಲ್ಲಿ ಸ್ವಲ್ಪ ನಿಲ್ಲಿರಿ. ಸಂಜೆ ಕೆಲಸ ಮುಗಿಸಿ, ಕೈ ತೊಳೆದುಕೊಂಡು, ಕೇಳಲು ಸಂಕೋಚಪಟ್ಟು ಬಾಗಿಲ ಬಳಿ ನಿಂತಿರುವವನಿಗೆ ‘ನಾಳೆ ಬಾ’ ಎಂದು ಹೇಳಿ ಕಳುಹಿಸಿ, ಒಳಗೆ ಬಂದು ಮೊಣಕಾಲೂರಿ ‘ನಿನ್ನ ನಾಮವು ಪರಿಶುದ್ಧವಾಗಲಿ’ ಎನ್ನುವವನ ಪ್ರಾರ್ಥನೆಗೆ ಅಡ್ಡಿಯಾಗಿ ನಿಲ್ಲುವುದು ಆ ಬಾಗಿಲೇ. ಇದನ್ನು ನಾನು ಬೇರೆಯವರಿಗಾಗಿ ಮಾತ್ರ ಬರೆಯುತ್ತಿಲ್ಲ. ಈ ಅಧ್ಯಾಯ ನನ್ನನ್ನೂ ತಡೆದು ನಿಲ್ಲಿಸಿದೆ.

ಇನ್ನು ರಾಜ್ಯದ ಮಾತು. ಸುವಾರ್ತೆಯ ಮೂಲ ಗ್ರೀಕಿನಲ್ಲಿರುವ ‘ಬಸಿಲೇಯ’ ಎಂಬ ಪದಕ್ಕೆ ಗಡಿಯಿರುವ ನಾಡು ಎನ್ನುವುದಕ್ಕಿಂತ ಅರಸನ ಆಳ್ವಿಕೆ ಎಂಬ ಅರ್ಥವೇ ಇಲ್ಲಿ ಹೆಚ್ಚು ಹೊಂದುತ್ತದೆ. ಅದು ಪೂರ್ಣವಾಗಿ ಬರುವುದು ದೇವರ ಕಾಲದಲ್ಲಿ; ನಾವು ಅದನ್ನು ಕಟ್ಟಿ ನಿಲ್ಲಿಸಲಾರೆವು. ಆದರೆ ‘ನಿನ್ನ ಆಳ್ವಿಕೆ ಬರಲಿ’ ಎಂದು ಬೇಡುವವನು ನನ್ನ ಹಟ, ನನ್ನ ಹಣ, ನನ್ನ ನಾಲಿಗೆ ಇವುಗಳ ಮೇಲೂ ಅದು ಬರಲಿ ಎಂದೇ ಬೇಡಿದಂತಾಯಿತು. ಯೇಸುವಿನ ಸುವಾರ್ತೆಯನ್ನು ಸಾರಿದ ಪೌಲನು ರೋಮಾಪುರದ ವಿಶ್ವಾಸಿಗಳಿಗೆ ಬರೆಯುತ್ತಾ, ಆ ರಾಜ್ಯವು ನೀತಿ, ಸಮಾಧಾನ, ಪವಿತ್ರಾತ್ಮನಲ್ಲಿ ಆಗುವ ಆನಂದ ಎಂದನು. ಊಟದ ವಿಚಾರವಾಗಿ ಒಬ್ಬರನ್ನೊಬ್ಬರು ಹೀನಾಯಮಾಡುತ್ತಿದ್ದ ಸಭೆಗೆ ಅವನು ಹೇಳಿದ ಮಾತದು.

ಮನಸ್ಸು ಜಾರುವುದಕ್ಕೆ ನನಗೆ ತಿಳಿದ ಉಪಾಯ ಒಂದೇ. ನಾಳೆಯಿಂದ ಮೊದಲ ಬೇಡಿಕೆಯಾದ ಮೇಲೆ ನಿಲ್ಲಿಸಿ, ಆ ದಿನ ನೀವು ಭೇಟಿಯಾಗಲಿರುವ ಒಬ್ಬರ ಮುಖವನ್ನು ನೆನೆದು, ‘ಇವರ ಎದುರಿನಲ್ಲಿ, ತಂದೆಯೇ’ ಎಂದು ಸೇರಿಸಿ ಮುಂದಕ್ಕೆ ಹೋಗಿರಿ.